ಪಶ್ಚಿಮಕ್ಕೆ ವಿಧವೆಯ ಮನೆ

ನೋಂದಣಿ ಕಚೇರಿಯ ದಾಖಲೆ ಕೋಣೆಯಲ್ಲಿ ಮಾರಿದವರು ಹೋಗುತ್ತಾರೆ, ಕೊಂಡವರು ಬರುತ್ತಾರೆ, ಅವರೂ ಮಾರಿ ಹೋಗುತ್ತಾರೆ. ಹೋಗದೆ ಉಳಿಯುವವರು ಅಕ್ಕಪಕ್ಕದವರು.

ಮನೆ ಮಾರುವ ಪತ್ರದಲ್ಲಿ ಚೆಕ್ಕುಬಂದಿ ಬರೆಯಲೇಬೇಕು. ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಯಾರ ಮನೆ, ಉತ್ತರಕ್ಕೆ ಏನು, ದಕ್ಷಿಣಕ್ಕೆ ಏನು. ಬರೆಯುವವರು ಜಾಗಕ್ಕೆ ಹೋಗಿ, ನಿಂತು, ನೋಡಿ ಬರೆಯುತ್ತಾರೆಂದು ಜನ ತಿಳಿದಿದ್ದಾರೆ. ಯಾರು ಹೋಗುತ್ತಾರೆ? ಹಳೆಯ ಪತ್ರವನ್ನು ಎಡಕ್ಕಿಟ್ಟು, ಹೊಸ ಕಾಗದವನ್ನು ಬಲಕ್ಕಿಟ್ಟು, ಅಲ್ಲಿದ್ದದ್ದನ್ನು ಇಲ್ಲಿಗೆ ಇಳಿಸುತ್ತಾರೆ. ಹೀಗೆ ಇಳಿಸಿ ಇಳಿಸಿ, ಕುಲುಮೆ ಆರಿ ತಲೆಮಾರುಗಳು ಕಳೆದ ಮೇಲೂ ಕಮ್ಮಾರ ಯಾರದೋ ಮನೆಯ ಉತ್ತರಕ್ಕೆ ನಿಂತಿರುತ್ತಾನೆ. ಸೂಲಗಿತ್ತಿ ಮತ್ತೊಬ್ಬರ ದಕ್ಷಿಣಕ್ಕೆ. ಎಂದೋ ಮುಚ್ಚಿದ ಬಾವಿ ಇನ್ನೂ ಒಬ್ಬರ ಹಿತ್ತಲಿನ ಅಂಚಿನಲ್ಲಿ ಬಾಯಿ ತೆರೆದುಕೊಂಡಿರುತ್ತದೆ.

ಅವಳ ಕೆಲಸ ಇವರ ನಡುವೆ. ಮನೆ ಕೊಳ್ಳುವವರು ಅರ್ಜಿ ಕೊಟ್ಟರೆ, ಆ ಮನೆಯ ಪತ್ರಗಳನ್ನು ಒಂದರ ಹಿಂದೊಂದು ಹುಡುಕಿ, ಯಾರಿಂದ ಯಾರಿಗೆ ಬಂತು, ನಡುವೆ ಯಾರ ಹಕ್ಕಾದರೂ ಸಿಕ್ಕಿಕೊಂಡಿದೆಯೇ ಎಂದು ನೋಡಿ ಬರೆದುಕೊಡಬೇಕು. ಇತಿಹಾಸದಲ್ಲಿ ಎಂ.ಎ. ಮಾಡಿದವಳಿಗೆ ಈ ಕೆಲಸ ಮೊದಮೊದಲು ತುಂಬ ಹಿಡಿಸಿತ್ತು. ಗಂಡ ಹೋದ ಮೇಲೆ ಹಿಡಿಸುವುದು, ಹಿಡಿಸದಿರುವುದು ಎಂಬುದೆಲ್ಲ ಉಳಿಯಲಿಲ್ಲ. ಹುಡುಕು ಎಂದರೆ ಹುಡುಕುತ್ತಿದ್ದಳು. ಊಟ ಮಾಡು ಎಂದರೆ ಮಾಡುತ್ತಿದ್ದಳು.

ಆತ ಮನೆಮನೆಗೆ ಹೋಗಿ ನೀರಿನ ಮೀಟರು ಓದುತ್ತಿದ್ದವನು. ಒಂದು ಮಧ್ಯಾಹ್ನ ಯಾರದೋ ಮನೆಯ ಮೆಟ್ಟಿಲ ಮೇಲೆ ಸುಸ್ತೆಂದು ಕೂತವನು ಏಳಲಿಲ್ಲ. ಆ ಮನೆಯವರು ಒಳ್ಳೆಯವರು. ನೀರು ತಂದುಕೊಟ್ಟಿದ್ದರು, ಲೋಟ ಅರ್ಧ ಖಾಲಿಯಾಗಿತ್ತಂತೆ. ಆ ದಿನದ್ದೆಂದು ಅವಳ ತಲೆಯಲ್ಲಿ ಉಳಿದಿರುವುದು ಆ ಲೋಟ ಒಂದೇ. ಅದನ್ನು ಅವಳು ಕಣ್ಣಿಂದ ನೋಡಿಯೂ ಇರಲಿಲ್ಲ.

ಅವಳ ಮೇಜಿನ ಹಿಂದಿನ ಕಪಾಟಿನಲ್ಲಿ ಹಾಲಿ ಮಾಲೀಕರ ರಿಜಿಸ್ಟರುಗಳಿದ್ದವು. ಮನೆಗೊಂದು ಸಾಲು. ಮಾಲೀಕನ ಹೆಸರು, ಹಕ್ಕು ಬಂದ ದಿನ, ಹಕ್ಕು ಮುಗಿದ ದಿನ. ಗಂಡನ ಸಾಲಿನಲ್ಲಿ ಕೊನೆಯ ಅಂಕಣ ಖಾಲಿ ಇತ್ತು. ವಾರಸುದಾರರು ಅರ್ಜಿ ಕೊಡುವವರೆಗೆ ಅದು ಖಾಲಿಯೇ ಇರುತ್ತದೆ. ಅರ್ಜಿ ಕೊಡಬೇಕಾದವಳು ಅವಳು, ತೆಗೆದುಕೊಳ್ಳಬೇಕಾದವಳೂ ಅವಳು. ಕೊಟ್ಟಿರಲಿಲ್ಲ. ಊರಿಗೆಲ್ಲ ಆತ ಸತ್ತಿದ್ದ. ಈ ಕೋಣೆಯೊಂದರಲ್ಲಿ ಹಾಲಿ ಇದ್ದ.

ಪಕ್ಕದ ಮನೆಯ ಟೈಲರು ತನ್ನ ಮನೆ ಮಾರುತ್ತೇನೆಂದು ಹೊರಟದ್ದರಿಂದ ಎಲ್ಲವೂ ಶುರುವಾಯಿತು.

ಟೈಲರ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಅವಳ ಅತ್ತೆ ಮೂವತ್ತು ವರ್ಷದಿಂದ ಆತನ ಶರ್ಟುಗಳಿಗೆ ಗುಂಡಿ ತೂರಿಸುವ ಕಾಜಾ ಹಾಕಿಕೊಡುತ್ತಿದ್ದರು. ಈಗ ಆತನ ಕಣ್ಣು ಮಂಜಾಗಿ, ದಾರಕ್ಕೆ ಸೂಜಿ ತೋರಿಸಿದರೆ ಸೂಜಿ ಆ ಕಡೆ, ದಾರ ಈ ಕಡೆ. ತಂಗಿಯ ಊರಿಗೆ ಹೋಗುವುದೆಂದಾಗಿತ್ತು. ಮನೆ ಕೊಳ್ಳಲು ಫೋಟೋ ಸ್ಟುಡಿಯೋದವನೊಬ್ಬ ತುದಿಗಾಲಲ್ಲಿ ನಿಂತಿದ್ದ. ಈ ವಾರ ಆಗದಿದ್ದರೆ ಬೇರೆ ಮನೆ ನೋಡುತ್ತೇನೆಂದೂ ಹೇಳಿದ್ದ.

"ಏನು ಮಗಳೇ, ನನ್ನ ಮನೆ ಹುಡುಕಿದ್ಯಾ?" ಎಂದು ಟೈಲರು ಕಚೇರಿಯ ಕಿಟಕಿಯಲ್ಲಿ ಮುಖ ತೂರಿಸಿದ. "ಎಲ್ಲೂ ಓಡಿಹೋಗಿಲ್ಲ ತಾನೇ?"

"ಹುಡುಕ್ತಾ ಇದೀನಿ ಮಾವ. ಕೂತ್ಕೊಳಿ."

"ಕೂತ್ರೆ ಎದ್ದೇಳೋಕೆ ಇನ್ನೊಬ್ರು ಬೇಕು. ನಿಂತೇ ಇರ್ತೀನಿ, ಹುಡುಕು."

ಅವಳು ಸಂಪುಟ ಇಳಿಸಿ ಪುಟ ತಿರುಗಿಸಿದಳು. ಟೈಲರು ಮನೆ ಕೊಂಡ ಪತ್ರ ಸಿಕ್ಕಿತು. ಚೆಕ್ಕುಬಂದಿಗೆ ಬೆರಳಿಟ್ಟು ಓದಿಕೊಂಡಳು. ಪೂರ್ವಕ್ಕೆ ಗಲ್ಲಿ. ದಕ್ಷಿಣಕ್ಕೆ ರಸ್ತೆ. ಉತ್ತರಕ್ಕೆ ಶಾಲೆಯ ಕಾಂಪೌಂಡು. ಪಶ್ಚಿಮಕ್ಕೆ ವಿಧವೆಯ ಮನೆ.

ಬೆರಳು ಅಲ್ಲೇ ನಿಂತಿತು. ಟೈಲರ ಪಶ್ಚಿಮಕ್ಕೆ ಇರುವುದು ಅವಳ ಮನೆ.

ಆಮೇಲೆ ಲೆಕ್ಕ ಹಾಕಿದಳು. ಇದು ಬರೆದಾಗ ಗಂಡ ಇನ್ನೂ ಚಡ್ಡಿ ಹಾಕುತ್ತಿದ್ದ ಹುಡುಗ. ಗಂಡನ ಅಪ್ಪ, ಅವಳ ಮಾವ, ಆಗಷ್ಟೇ ತೀರಿಕೊಂಡಿದ್ದರು. ಹಾಗಾದರೆ ವಿಧವೆ ಎಂದರೆ ಅತ್ತೆ. ಅವಳು ಉಸಿರು ಬಿಟ್ಟು, ನಿಯಮದಂತೆ ಅದರ ಹಿಂದಿನ ಪತ್ರ ತೆಗೆದಳು. ಆಗ ಮಾವ ಬದುಕಿದ್ದ ಕಾಲ, ಅತ್ತೆ ಮದುವೆಯಾಗಿ ಬಂದ ಹೊಸತು. ಪಶ್ಚಿಮಕ್ಕೆ ವಿಧವೆಯ ಮನೆ. ಅದರ ಹಿಂದಿನದು ತೆಗೆದಳು. ಗಂಡನ ಅಜ್ಜ ಆ ಮನೆಯಲ್ಲಿ ಹೆಂಡತಿ ಮಕ್ಕಳ ಜೊತೆ ತುಂಬಿಕೊಂಡಿದ್ದ ಕಾಲ. ಪಶ್ಚಿಮಕ್ಕೆ ವಿಧವೆಯ ಮನೆ. ಅಕ್ಷರ ಬದಲಾಗಿತ್ತು, ಮಸಿ ಬದಲಾಗಿತ್ತು, ಕಾಗದದ ಬಣ್ಣ ಬದಲಾಗಿತ್ತು. ಆ ಸಾಲು ಅಲ್ಲಾಡಿರಲಿಲ್ಲ.

ಅವಳು ಮದುವೆಯಾಗಿ ಆ ಹೊಸಿಲು ದಾಟಿದ ದಿನವೂ ಈ ಸಾಲು ಇಲ್ಲಿತ್ತು. ಗಂಡ ಅವಳ ಪೆಟ್ಟಿಗೆ ಒಳಗಿಟ್ಟು, ತಲೆ ಬಗ್ಗಿಸಿ ಬಾ, ಬಾಗಿಲು ಗಿಡ್ಡ, ಎಂದು ನಗುತ್ತಿದ್ದಾಗಲೂ ಗೋಡೆಯ ಆಚೆಯ ಪತ್ರದಲ್ಲಿ ಅದು ಆಗಲೇ ವಿಧವೆಯ ಮನೆ.

"ಏನಮ್ಮಾ, ಮುಖ ಯಾಕೆ ಹಂಗಾಯ್ತು? ಯಾರಾದ್ರೂ ಕೇಸು ಗೀಸು ಹಾಕಿದಾರಾ?" ಎಂದು ಟೈಲರು ಗಾಬರಿಯಾದ.

"ಇಲ್ಲ ಮಾವ. ನಿಮ್ಮ ಮನೆ ಸ್ವಚ್ಛವಾಗಿದೆ."

ಪತ್ರ ಬರೆಯುವವನನ್ನು ಕಚೇರಿಯಲ್ಲಿ ಎಲ್ಲರೂ ಸದರಿ ಅಣ್ಣ ಎನ್ನುತ್ತಿದ್ದರು. ಸದರಿ ಮನೆ, ಸದರಿ ಗೋಡೆ ಎಂದು ಬರೆದು ಬರೆದು, ಹೆಂಡತಿ ಮಾಡಿದ ಕಾಫಿಯನ್ನೂ ಸದರಿ ಕಾಫಿ ಎನ್ನುವ ಮಟ್ಟಕ್ಕೆ ಬಂದಿದ್ದ. ಹೊರಗಿನ ಜಗಲಿಯಲ್ಲಿ ಅವನ ಮೇಜು. ಹೊಸದಾಗಿ ಬಂದ ನೋಂದಣಿ ಅಧಿಕಾರಿ, ಎಲ್ಲರ ಬಾಯಲ್ಲಿ ಹೊಸ ಮೇಡಂ, ಅವನ ಹೊಟ್ಟೆಗೆ ಕಲ್ಲು ಹಾಕಿದ್ದರು. ಚೆಕ್ಕುಬಂದಿಯಲ್ಲಿ ಇನ್ನು ಮುಂದೆ ಸತ್ತವರು ಇರಕೂಡದು. ಪಕ್ಕದ ಮನೆ ಈಗ ಯಾರದ್ದೋ ಅವರನ್ನೇ ಬರೆಯಬೇಕು. ಅಂದಿನಿಂದ ಸದರಿ ಅಣ್ಣ ಹುಳಿ ಮುಖ ಹಾಕಿಕೊಂಡು ಕಮ್ಮಾರರನ್ನೂ ಸೂಲಗಿತ್ತಿಯರನ್ನೂ ಒಬ್ಬೊಬ್ಬರನ್ನಾಗಿ ಹೊರಗೆ ಹಾಕುತ್ತಿದ್ದ.

ಟೈಲರ ಪತ್ರ ನೋಡಿದಾಗ ಮಾತ್ರ ಅವನ ಮುಖ ಅರಳಿತು.

"ಇದು ಮುಟ್ಟೋದೇ ಬೇಡ ತಂಗಿ. ಸರಿಯಾಗೇ ಇದೆ," ಎಂದ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ. "ಅಂದ್ರೆ... ಕಾಗದದ ಮಟ್ಟಿಗೆ ಹೇಳ್ದೆ. ತಪ್ಪು ತಿಳ್ಕೋಬೇಡ."

"ಹೇಳಿ ಅಣ್ಣ, ಪರವಾಗಿಲ್ಲ."

"ನೋಡು, ಹೆಸರು ಬರೀಬೇಕು ಅಂದ್ರೆ ಹಾಲಿ ಮಾಲೀಕರ ಹೆಸರು ಬರೀಬೇಕು. ರಿಜಿಸ್ಟರಲ್ಲಿ ಇನ್ನೂ ಅವನೇ ಇದಾನೆ. ಸತ್ತವರನ್ನ ಬರೀಬಾರ್ದು ಅಂತಾರೆ ಮೇಡಂ. ಹಂಗಾಗಿ ನೀನು ವಾರಸು ಅರ್ಜಿ ಕೊಟ್ಟು, ಅವನ ಸಾಲು ಮುಚ್ಚಿಸಿ, ನಿಮ್ಮ ಹೆಸರು ಹತ್ತಿಸಿ, ಆಮೇಲೆ ಇಲ್ಲಿ ಬದಲಾಯಿಸ್ಬೇಕು. ಅದೆಲ್ಲ ಬೇಡ ಅಂದ್ರೆ, ಸದರಿ ಸಾಲು ಇದ್ದ ಹಾಗೇ ಇರ್ಲಿ. ಈಗ ಅದು ನಿಜಾನೂ ಹೌದಲ್ವಾ? ಮೇಡಂ ಬೇಕಾದ್ರೆ ಬಂದು ನೋಡ್ಲಿ."

ಅವಳು ತಲೆ ಆಡಿಸಿದಳು. ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನಿದ್ದರೆ ಸಾಕು, ಟೈಲರು ಮನೆ ಮಾರಿ ತಂಗಿಯ ಊರಿಗೆ ಹೋಗುತ್ತಾನೆ, ಗಂಡ ರಿಜಿಸ್ಟರಿನಲ್ಲಿ ಹಾಲಿ ಇರುತ್ತಾನೆ. ಬದಲಿಗೆ ಅವಳು ಗೋಡೆಯ ಆಚೆಯ ಕಾಗದದಲ್ಲಿ ವಿಧವೆಯಾಗಿ ನಿಲ್ಲಬೇಕು. ಮುಂದಿನ ಪತ್ರಕ್ಕೂ, ಅದರ ಮುಂದಿನದಕ್ಕೂ ಇಳಿದುಕೊಂಡು ಹೋಗಬೇಕು.

"ನಾಳೆ ಹೇಳ್ತೀನಿ ಅಣ್ಣ," ಎಂದಳು.

ಮನೆಗೆ ಬಂದಾಗ ಮುಂದಿನ ಕೋಣೆಗೆ ಕಾಲಿಡಲು ಹಿಂದೆಮುಂದೆ ನೋಡುವಂತಾಯಿತು. ಯಾರೋ ಕೂತಿದ್ದಾರೆಂದಲ್ಲ. ಯಾರೋ ಕೂತು, ಅವಳಿಗಾಗಿ ಜಾಗ ಬೆಚ್ಚಗೆ ಇಟ್ಟು, ಒಳಗೆ ಎದ್ದು ಹೋದ ಹಾಗೆ. ಕುರ್ಚಿ, ಕಿಟಕಿ, ಗಂಡನ ಚಪ್ಪಲಿ ಇರುತ್ತಿದ್ದ ಮೂಲೆ, ತಲೆಯ ಮೇಲೆ ತೊಲೆಯುದ್ದಕ್ಕೂ ಸಾಲಾಗಿ ಬಡಿದ ತುಕ್ಕು ಹಿಡಿದ ಕೊಕ್ಕೆಗಳು. ಎಲ್ಲವೂ ಬಹಳ ಹಿಂದೆಯೇ ಅವಳನ್ನು ನೋಡಿ ಗುರುತಿಟ್ಟುಕೊಂಡಂತಿತ್ತು.

ಅತ್ತೆ ಕಿಟಕಿಯ ಬೆಳಕಿಗೆ ಶರ್ಟು ಹಿಡಿದು ಟೈಲರ ಕೊನೆಯ ಕಾಜಾಗಳನ್ನು ಮುಗಿಸುತ್ತಿದ್ದರು. ಅವಳು ನಡೆದದ್ದನ್ನು ಹೇಳಿದಳು. ಅತ್ತೆ ಸೂಜಿ ನಿಲ್ಲಿಸಲಿಲ್ಲ.

"ಅದು ನಾನು," ಎಂದರು.

"ಏನತ್ತೆ?"

"ಆ ವಿಧವೆ. ಅದು ನಾನು ಕಣೇ. ನೀನು ಬಂದಿದ್ದು ನಿನ್ನೆ ಮೊನ್ನೆ." ದಾರ ಹಲ್ಲಲ್ಲಿ ಕಡಿದರು. "ಟೈಲರು ಮನೆ ತಗೊಂಡಾಗ ಪತ್ರ ತಂದು ನನ್ನ ಕೈಲೇ ಓದಿಸ್ದ. ಅವನಿಗೆ ಅಳತೆ ಬರೆಯೋವಷ್ಟು ಮಾತ್ರ ಅಕ್ಷರ. ನಿಮ್ಮ ಮಾವ ಹೋಗಿ ಆಗ ವರ್ಷ ಆಗಿರ್ಲಿಲ್ಲ. ಓದ್ತಾ ಓದ್ತಾ ನಾನೇ ಸಿಕ್ಕಿಬಿಟ್ಟೆ. ಅವನೆದ್ರು ಅಳಬಾರ್ದು ಅಂತ ಉತ್ತರ ದಕ್ಷಿಣ ಎಲ್ಲ ಜೋರಾಗಿ ಓದ್ದೆ."

"ಬೇಜಾರಾಗ್ಲಿಲ್ವಾ?"

"ಮೊದ್ಲು ಆಯ್ತು. ಆಮೇಲೆ ಯೋಚನೆ ಮಾಡ್ದೆ. ಮನೆ ನಿಮ್ಮ ಮಾವನ ಹೆಸರಲ್ಲಿತ್ತು, ಆಮೇಲೆ ಮಗನ ಹೆಸರಿಗೆ ಬಂತು. ಯಾವ ಕಾಗದದಲ್ಲಾದ್ರೂ ನಾನಿದೀನಾ? ಅದೊಂದ್ರಲ್ಲಿ ನನ್ನ ಮನೆ ಅಂತ ಬರೆದಿದೆ. ಟೈಲರ ಟ್ರಂಕಲ್ಲಿ ಇದ್ರೂ ಪರವಾಗಿಲ್ಲ, ಇದೆ. ನೀನು ಅದನ್ನ ಕೀಳಬೇಡ."

ಅದು ನೀವಲ್ಲ ಅತ್ತೆ, ನೀವು ಹುಟ್ಟುವ ಮೊದಲೂ ಅದು ಹಾಗೇ ಇತ್ತು, ಎನ್ನಬೇಕಿತ್ತು. ಎನ್ನದೆ, ಅತ್ತೆಯ ಸೂಜಿಗೆ ದಾರ ಪೋಣಿಸಿಕೊಟ್ಟಳು. ಆ ರಾತ್ರಿ ಇಬ್ಬರೂ ಬೇಗ ಮಲಗಿದರು. ಅವಳಿಗೆ ನಿದ್ದೆ ಹತ್ತಲಿಲ್ಲ. ಆ ಸಾಲಿನೊಳಗೆ ಎಷ್ಟು ಜನ ಹಿಡಿಸಬಹುದು ಎಂದು ಯೋಚಿಸುತ್ತ ಬಿದ್ದುಕೊಂಡಿದ್ದಳು.

ಮರುದಿನ ಅವಳು ಯಾರ ಅರ್ಜಿಯೂ ಇಲ್ಲದೆ ಹುಡುಕಲು ಕೂತಳು. ಟೈಲರ ಮನೆಯ ಪತ್ರಗಳಲ್ಲಿ ಹಿಂದೆ ಹೋಗಿ ಪ್ರಯೋಜನವಿರಲಿಲ್ಲ. ಅಲ್ಲಿ ಆ ಮೊದಲ ವಿಧವೆ, ಯಾರೇ ಆಗಿರಲಿ, ಬರಿಯ ದಿಕ್ಕು. ತನ್ನ ಸ್ವಂತ ಮನೆಯ ಪತ್ರಗಳನ್ನು ತೆಗೆದಳು. ಗಂಡ, ಮಾವ, ಅಜ್ಜ. ಅಜ್ಜನಿಗೆ ಮಾರಿದವನು ಒಬ್ಬ ಗಡಿಯಾರದವನು. ಅವನಿಗೆ ಮಾರಿದವರು ಯಾರೆಂದು ನೋಡಲು ಕೆಳಗಿನ ಕಪಾಟಿನವರೆಗೂ ಬಗ್ಗಬೇಕಾಯಿತು. ಆ ಸಂಪುಟದ ಬೆನ್ನು ಕಿತ್ತುಹೋಗಿತ್ತು, ಪುಟ ಮುಟ್ಟಿದರೆ ಬೆರಳಿಗೆ ಕಂದು ಪುಡಿ ಹತ್ತುತ್ತಿತ್ತು.

ಅಲ್ಲಿ ಆ ಹೆಂಗಸು ಇದ್ದಳು. ಬರೆದುಕೊಟ್ಟವಳು, ಕೊಡೆ ರಿಪೇರಿ ಕೆಲಸದವಳು. ಸ್ವಂತ ದುಡಿಮೆಯಿಂದ ಕೊಂಡ ಮನೆಯನ್ನು ಸ್ವಂತ ಇಚ್ಛೆಯಿಂದ ಮಾರಿ, ಸ್ವಾಧೀನ ಬಿಟ್ಟುಕೊಟ್ಟು, ಬೇರೆ ಊರಿಗೆ ಹೊರಟಿರುವುದಾಗಿ ಬರೆಸಿದ್ದಳು. ಕೆಳಗೆ ಹೆಬ್ಬೆಟ್ಟು. ಆದಿಯಿಂದ ಅಂತ್ಯದವರೆಗೆ ಓದಿದರೂ ವಿಧವೆ ಎಂಬ ಮಾತಿಲ್ಲ. ಮತ್ತೆ ಓದಿದಳು. ಇಲ್ಲ. ತನ್ನ ಪತ್ರದಲ್ಲಿ ಅವಳು ಕೊಡೆ ರಿಪೇರಿಯವಳು. ವಿಧವೆಯಾಗಿದ್ದದ್ದು ಅಕ್ಕಪಕ್ಕದವರ ಪತ್ರದಲ್ಲಿ ಮಾತ್ರ.

ಓದುತ್ತಿದ್ದವಳು ನೆಲದ ಮೇಲೆಯೇ ಕೂತಳು. ಇಷ್ಟು ಹೊತ್ತೂ ಅವಳನ್ನು ಹೆದರಿಸುತ್ತಿದ್ದದ್ದು ಯಾವುದೋ ಹೆಂಗಸು ಆ ಮನೆ ಬಿಟ್ಟು ಹೋಗಿಲ್ಲವೆಂಬುದು. ಈಗ ನೋಡಿದರೆ ಅವಳು ಸಲೀಸಾಗಿ ಹೋಗಿದ್ದಳು, ತನ್ನ ಕೊಡೆಯ ಕಡ್ಡಿಗಳನ್ನೂ ಬಟ್ಟೆಗಳನ್ನೂ ಕಟ್ಟಿಕೊಂಡು. ಹೋಗದೆ ಉಳಿದದ್ದು ಅವಳಿಗೆ ಬೇರೆಯವರು ಇಟ್ಟ ಹೆಸರು. ಅದು ಖಾಲಿ ನಿಂತು, ಬಾಗಿಲು ತೆರೆದುಕೊಂಡು ಕಾಯುತ್ತಿತ್ತು. ಒಂದು ದಿನ ಅತ್ತೆ ಒಳಗೆ ಹೋದರು. ಆಮೇಲೆ ತಾನು. ತಾವಿಬ್ಬರೂ ಮುಗಿದ ಮೇಲೂ ಯಾರೋ ಹುಡುಗಿ ಪೆಟ್ಟಿಗೆ ಹಿಡಿದು ಆ ಗಿಡ್ಡ ಬಾಗಿಲಲ್ಲಿ ತಲೆ ಬಗ್ಗಿಸಿ ನಗುತ್ತ ಬರುತ್ತಾಳೆ. ಅವಳ ಗಂಡನೂ ಒಂದು ಪೂರ್ತಿ ಲೋಟ ನೀರು ಕುಡಿಯದೆ ಹೋಗಬೇಕೇ? ಮೂರ್ಖ ಯೋಚನೆ ಎಂದು ಅವಳಿಗೆ ಗೊತ್ತಿತ್ತು. ಎಂ.ಎ. ಓದಿದವಳು. ಆದರೂ ಸಂಪುಟವನ್ನು ಕಪಾಟಿಗೆ ಸೇರಿಸುವ ಮೊದಲು ಆ ಪುಟವನ್ನು ಇನ್ನೊಮ್ಮೆ ಓದಿದಳು.

ಸಂಜೆ ಅತ್ತೆಗೆ ಹೇಳಿದಳು. ಒಂದನ್ನೂ ಬಿಡದೆ ಹೇಳಿದಳು. ಅತ್ತೆ ಕಣ್ಣೆತ್ತಿ ತೊಲೆಯ ಕೊಕ್ಕೆಗಳನ್ನು ನೋಡಿದರು.

"ಕೊಡೆ ನೇತುಹಾಕೋಕಾ ಇವು? ನಿಮ್ಮ ಮಾವ ಮೀನಿನ ಬಲೆಗೆ ಅಂತಿದ್ರು. ಈ ಊರಲ್ಲಿ ಮೀನು ಎಲ್ಲಿ ಅಂದ್ರೆ ಸಿಟ್ಟು ಬರ್ತಿತ್ತು." ಕೈಯಲ್ಲಿದ್ದ ಶರ್ಟನ್ನು ತೊಡೆಯ ಮೇಲಿಟ್ಟರು. "ವಿಧವೆ ಅಂತ ಬರೆಸಿಕೊಳ್ಳಲೇ ಇಲ್ವಾ ಅವಳು?"

"ಇಲ್ಲ ಅತ್ತೆ."

"ಜಾಣೆ."

ಅತ್ತೆ ಶರ್ಟನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

ಬೆಳಿಗ್ಗೆ ಅವಳು ಹೊರಡುವಾಗ ಅತ್ತೆ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ನಡಿ. ನನ್ನನ್ನ ಅಳಿಸೋಕೆ ನನ್ನ ಸಹೀನೇ ಬೇಕಂತಲ್ಲ, ಎಂಥ ಕಚೇರಿಯಮ್ಮಾ ನಿಮ್ಮದು," ಎಂದರು.

ವಾರಸು ಅರ್ಜಿಯಲ್ಲಿ ಇಬ್ಬರ ಹೆಸರು, ತಾಯಿಯದು ಮೊದಲು, ಹೆಂಡತಿಯದು ಆಮೇಲೆ. ಕಸುಬು ಎಂಬಲ್ಲಿ ಸದರಿ ಅಣ್ಣ ಪೆನ್ನು ಎತ್ತಿದ.

"ಗೃಹಿಣಿ ಅಂತ ಹಾಕ್ಲಾ ಅಮ್ಮಾ?"

"ಯಾಕೆ? ಮನೇಲಿ ಸುಮ್ನೆ ಕೂತಿದ್ನಾ? ಕಾಜಾ ಕೆಲಸ ಅಂತ ಬರಿ."

"ಸರ್ಕಾರಿ ಕಾಗದದಲ್ಲಿ ಕಾಜಾ ಅಂತ ಯಾರೂ ಬರೆಸಿಲ್ಲ."

"ನೀನು ಹಾಕಿರೋ ಶರ್ಟಿಗೆ ಗುಂಡಿ ಯಾವುದರಲ್ಲಿ ನಿಂತಿದೆ ಅಂತ ನೋಡ್ಕೊಂಡು ಮಾತಾಡು."

ಸದರಿ ಅಣ್ಣ ನೋಡಿಕೊಂಡ, ಬರೆದ.

ಅರ್ಜಿಯನ್ನು ಅವಳು ತೆಗೆದುಕೊಂಡಳು, ಮೊಹರು ಒತ್ತಿದಳು, ದಾಖಲೆ ಕೋಣೆಗೆ ಹೋದಳು. ಬೇರೆ ಗುಮಾಸ್ತರು ನಾವು ಬರೆಯುತ್ತೇವೆ ಕೊಡು ಎಂದರು. ಬೇಡ ಎಂದಳು. ರಿಜಿಸ್ಟರು ಬಿಡಿಸಿ ಆ ಸಾಲು ಹುಡುಕಬೇಕಾಗಿರಲಿಲ್ಲ; ಪುಟ ತಾನೇ ಅಲ್ಲಿಗೆ ತೆರೆದುಕೊಳ್ಳುವಷ್ಟು ಸಲ ಅವಳು ಅದನ್ನು ತೆರೆದಿದ್ದಳು. ಕೊನೆಯ ಅಂಕಣ ಕಿರಿದು. ತಾರೀಕು ಹಿಡಿಸಲೆಂದು ಅಕ್ಷರವನ್ನು ಸಣ್ಣಗೆ ಮಾಡಿದಳು. ಇಷ್ಟು ದಿನ ಅಲ್ಲಿ ಕೈ ಹಾಕಿದರೆ ಏನೋ ಆಗುತ್ತದೆ ಎಂದುಕೊಂಡಿದ್ದಳು. ಏನೂ ಆಗಲಿಲ್ಲ. ಮಸಿ ಒಣಗಲು ಸ್ವಲ್ಪ ಹೊತ್ತು ಹಿಡಿಯಿತು. ಕಿಟಕಿಯಲ್ಲಿ ಯಾರೋ, ಮೇಡಂ, ಖಾಲಿ ಫಾರಂ ಇದೆಯಾ, ಎಂದು ಕೇಳಿದರು. ಇದೆ ಎಂದು ಕೊಟ್ಟಳು. ಫಾರಂ ತೆಗೆದುಕೊಂಡವನು ಅವಳ ಮುಖ ನೋಡಿ, ಪರವಾಗಿಲ್ಲ ಮೇಡಂ, ನಾನು ಆಮೇಲೆ ಬರ್ತೀನಿ, ಎಂದ. ಆಗ ಅವಳಿಗೆ ತಾನು ಅಳುತ್ತಿರುವುದು ಗೊತ್ತಾಯಿತು.

ಮಧ್ಯಾಹ್ನ ಟೈಲರ ಪತ್ರದ ನೋಂದಣಿ. ಹೊಸ ಮೇಡಂ ಎಲ್ಲರನ್ನೂ ನಿಲ್ಲಿಸಿ ಪತ್ರವನ್ನು ಗಟ್ಟಿಯಾಗಿ ಓದಿದರು. ಪೂರ್ವಕ್ಕೆ ಗಲ್ಲಿ. ಪಶ್ಚಿಮಕ್ಕೆ ಎಂದು ಶುರುಮಾಡಿ, ಕಾಜಾ ಕೆಲಸದ ಅತ್ತೆಯ ಹೆಸರನ್ನೂ ದಾಖಲೆ ಶೋಧಕಿಯಾದ ಸೊಸೆಯ ಹೆಸರನ್ನೂ ಓದಿ, ಇವರಿಬ್ಬರ ಮನೆ, ಎಂದರು. ಟೈಲರು ಮಂಜುಗಣ್ಣನ್ನು ಅತ್ತೆಯ ಕಡೆ ತಿರುಗಿಸಿದ.

"ಇಷ್ಟು ವರ್ಷ ಪಕ್ಕದಲ್ಲಿದ್ದು ನಿಮ್ಮ ಪೂರ್ತಿ ಹೆಸರು ಇವತ್ತೇ ಕೇಳಿದ್ದು ಅಕ್ಕ."

"ಹೋಗೋ ದಿನ ಕೇಳಿಸ್ಕೊಂಡ್ರಿ. ಕಣ್ಣು ಹೋದ್ರೂ ಕಿವಿ ಇದೆ ಬಿಡಿ," ಎಂದು ಅತ್ತೆ ಮುಖ ಆಚೆ ಮಾಡಿದರು.

ಇಬ್ಬರೂ ನಡೆದೇ ಮನೆಗೆ ಬಂದರು. ತಮ್ಮ ಬೀದಿಗೆ ತಿರುಗಿದಾಗ ಅತ್ತೆ ನಿಂತರು.

"ಉತ್ತರಕ್ಕಿರೋ ಇಸ್ತ್ರಿ ಅಂಗಡಿಯವರ ಪತ್ರದಲ್ಲಿ ಏನಿದೆ?"

ಅವಳು ಅದನ್ನೂ ನೋಡಿದ್ದಳು. ಸುಳ್ಳು ಹೇಳಬಹುದಿತ್ತು. "ದಕ್ಷಿಣಕ್ಕೆ ವಿಧವೆಯ ಮನೆ ಅಂತಿದೆ ಅತ್ತೆ. ಅವರಾಗಿ ಮಾರೋವರೆಗೂ ಅದನ್ನ ಬದಲಾಯಿಸೋಕೆ ಬರಲ್ಲ."

ಅತ್ತೆ ಇಸ್ತ್ರಿ ಅಂಗಡಿಯ ಗೋಡೆಯನ್ನು ನೋಡುತ್ತ ನಿಂತರು. ಅಳತೆ ತೆಗೆಯುವವರ ಹಾಗೆ ನೋಡಿದರು.

"ಹಂಗಾದ್ರೆ ಆ ಕಡೆ ವಿಧವೆಯಾಗಿ ನಾನು ಇರ್ತೀನಿ," ಎಂದರು. "ನನಗೆ ಅಭ್ಯಾಸ ಆಗಿದೆ. ನೀನು ಬರಬೇಡ."

ಅವಳು ಬೀಗ ತೆಗೆದಳು. ಅತ್ತೆ ಹಿಂದೆಯೇ ಬಂದರು. ಉತ್ತರದ ಗೋಡೆಯ ಆಚೆ ಯಾರೋ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಎತ್ತಿ ಮೇಜಿನ ಮೇಲೆ ಇಡುತ್ತಿದ್ದ ಸದ್ದು ಒಳಗೆ ಸ್ಪಷ್ಟವಾಗಿ ಕೇಳುತ್ತಿತ್ತು.